ಮೂರನೆಯ ಕೈಗೆ ಕೊಡಬಾರದ ಕಾಗದ

ಹಂಗೇರಿ ಗಡಿಯ ಗೇಟಿನ ಲಾರಿ ಸಾಲಿನಿಂದ, ರೊಮೇನಿಯಾದ ಕಡೆ
9 ಡಿಸೆಂಬರ್ 1994

ಅಕ್ಕಾ,

ಈ ಕಾಗದ ತಂದುಕೊಡುವ ನೆಜ್ಮಿ ಅಣ್ಣನಿಗೆ ಚಹಾ ಕೊಡು. ಎರಡೇ ಲೋಟ. ಮೂರನೆಯದು ಕೊಟ್ಟೆಯೋ, ಮೂತ್ರದಲ್ಲಿ ಕಲ್ಲು ಬಿದ್ದ ಕಥೆ ಶುರುಮಾಡುತ್ತಾನೆ. ಒಲೆಯ ಮೇಲಿಟ್ಟ ನಿನ್ನ ಅಡುಗೆ ಸೀದು ಹೋದ ಹಾಗೆಯೇ.

ಫೋನು ಮಾಡೋಣವೆಂದರೆ ಈ ಸಾಲಿನಲ್ಲಿ ಫೋನಿಲ್ಲ. ಇದ್ದರೂ ಪ್ರಯೋಜನವಿಲ್ಲ ಬಿಡು. ನಮ್ಮ ಮನೆಯ ಫೋನು ಅಪ್ಪನ ಮೊಣಕೈಗೇ ಅಂಟಿಕೊಂಡಿರುತ್ತದೆ. ನಾನು ಕೆಮ್ಮಿದರೂ "ಡೀಸೆಲ್ ಎಷ್ಟು ಕುಡೀತು?" ಎಂದು ಕೇಳುವ ಮನುಷ್ಯ ಅವನು.

ಸಾಲಿಗೆ ಬಂದು ಇಂದಿಗೆ ಐದು ದಿನ. ಮುಂದೆ ಇನ್ನೂ ನೂರಕ್ಕೂ ಮೇಲೆ ಲಾರಿಗಳಿವೆ. ಹಿಂದೆ ದೋರ್ತ್‌ಯೋಲ್ ತೋಟಗಳ ಹದಿನೆಂಟು ಟನ್ ಕಿತ್ತಳೆ ಹೊತ್ತುಕೊಂಡು ನಿಂತಿದ್ದೇನೆ. ಈ ಚಳಿಗೆ ಕಿತ್ತಳೆಗೇನೂ ಆಗಿಲ್ಲ, ಆಗಿರುವುದೆಲ್ಲ ನನ್ನ ಕಾಲ್ಬೆರಳುಗಳಿಗೆ. ಲಾರಿಯ ಪಕ್ಕದ ಪೆಟ್ಟಿಗೆ ತೆಗೆದು ಒಲೆ ಹಚ್ಚಿದರೆ ಸಾಕು, ಹಿಂದುಮುಂದಿನವರೆಲ್ಲ ರೊಟ್ಟಿ ಹಿಡಿದು ಬಂದುಬಿಡುತ್ತಾರೆ. ನೀನು ಕಟ್ಟಿಕೊಟ್ಟ ಮೆಣಸಿನ ಹಿಂಡಿ ಅರ್ಧ ಡಬ್ಬಿ ಖಾಲಿಯಾಯಿತು.

ಆದರೆ ಇಲ್ಲಿ ನನ್ನ ಮರ್ಯಾದೆ ಏನು ಕೇಳುತ್ತೀ! ಸಾಲಿನಲ್ಲಿರುವ ನಮ್ಮ ತುರ್ಕಿಯವರಲ್ಲಿ ಅರ್ಧಕ್ಕರ್ಧ ಜನರ ಹತ್ತಿರ, ಲಾರಿಯನ್ನು ಒಂದು ಸಲ ಮುದ್ರೆ ಹಾಕಿ ಒಳಗೆ ಬಿಡುವ ಹಂಗೇರಿ ಪರ್ಮಿಟ್ ಇಲ್ಲ. ಲಾರಿ ಸಂಘಕ್ಕೆ ಬಂದ ಈ ವರ್ಷದ ಪಾಲು ಅಕ್ಟೋಬರಿನಲ್ಲೇ ಮುಗಿದು ಹೋಯಿತಲ್ಲ. ಯಾರಾದರೂ ಕಳಿಸಿಕೊಡುತ್ತಾರೇನೋ ಎಂದು ಕಾದು ಕೂತಿದ್ದಾರೆ. ನನ್ನ ಅಂಗಿಯ ಜೇಬಿನಲ್ಲಿ ಮಾತ್ರ ಒಂದೂ ಮುದ್ರೆ ಬೀಳದ, ಗರಿಗರಿ ಪರ್ಮಿಟ್. ಅದಾನ ಊರಿನ ಡ್ರೈವರನೊಬ್ಬ ನೋಡಿ ಹೊಟ್ಟೆಕಿಚ್ಚಿಗೆ, "ಏನಯ್ಯಾ ತಹ್ಸಿನ್, ನಿಮ್ಮಪ್ಪ ಮಂತ್ರಿ ಮನೇಲಿ ಹಾಲು ಹಾಕ್ತಾನಾ?" ಎಂದ. ನಾನು, "ಹಾಲಲ್ಲ, ಹಾಲುಣಿಸಿ ಸಾಕಿದ್ದೇ ನಾವು" ಎಂದೆ. ಆದರೆ ನಿಜಕ್ಕೂ ಅಪ್ಪ ಅದನ್ನು ಎಲ್ಲಿಂದ ತಂದ? ಮನೆಯ ಕಾಗದ ಪತ್ರವೆಲ್ಲ ನಿನ್ನ ಕೈಯಲ್ಲೇ ಇರುವುದು, ನಿನಗೆ ಗೊತ್ತಿರಲೇಬೇಕು. ಹೊರಡುವ ದಿನ ಕೇಳಿದಾಗ ನೀನು ಮಾತು ಮರೆಸಿ ನನ್ನ ಕೈಗೆ ಬುತ್ತಿ ತುರುಕಿದೆ.

ಗುಟ್ಟಾದರೆ ನೆಜ್ಮಿ ಅಣ್ಣನ ಕೈಯಲ್ಲೇ ಬರೆದು ಕಳಿಸು. ಎರಡು ದಿನ ಮನೆಯಲ್ಲಿದ್ದು ಮತ್ತೆ ಇತ್ತ ಹೊರಡುತ್ತಾನಂತೆ. ಅವನ ಬಗ್ಗೆ ಹೆದರಿಕೆ ಬೇಡ. ಕೈಪತ್ರ ಮೂರನೆಯ ಕೈಗೆ ಹೋಗಬಾರದು ಅನ್ನುವ ನಮ್ಮ ಡ್ರೈವರುಗಳ ಕಟ್ಟಳೆಯನ್ನು ಅವನಷ್ಟು ನಿಷ್ಠೆಯಿಂದ ಪಾಲಿಸುವವರು ಈ ರಸ್ತೆಯಲ್ಲಿ ಇಲ್ಲ. ಯಾರದೋ ಕಾಗದವೊಂದನ್ನು, ಆ ಮನುಷ್ಯ ಊರು ಬದಲಾಯಿಸಿದನೆಂದು, ಎಂಟು ತಿಂಗಳು ಲಾರಿಯಲ್ಲೇ ಇಟ್ಟುಕೊಂಡು ತಿರುಗಿ ಕೊನೆಗೆ ಹುಡುಕಿಕೊಟ್ಟವನು. ಅಷ್ಟರಲ್ಲಿ ಆ ಕಾಗದದಲ್ಲಿದ್ದ ಮದುವೆ ಮುಗಿದು ಮಗು ಹುಟ್ಟಿತ್ತು.

ಅಮ್ಮನಿಗೆ ಮೊಣಕಾಲಿಗೆ ಬಿಸಿ ಬಟ್ಟೆ ಇಡಲು ಹೇಳು. ನನ್ನ ಹೆಂಡತಿ ಹಾಜೆರಳಿಗೆ ಬೇರೆ ಚೀಟಿ ಇಟ್ಟಿದ್ದೇನೆ, ಓದಬೇಡ, ನಾಚಿಕೆಯಾಗುತ್ತದೆ.

ಚಳಿಯಲ್ಲಿ ನಡುಗುತ್ತಿರುವ ನಿನ್ನ ತಮ್ಮ
ತಹ್ಸಿನ್

—

ಕಿರಿಖಾನ್
16 ಡಿಸೆಂಬರ್ 1994

ತಹ್ಸಿನ್,

ನೆಜ್ಮಿ ಅಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಉದ್ದ ಬರೆಯಲು ಪುರುಸೊತ್ತಿಲ್ಲ.

ಇದು ನಿನ್ನ ಕೈಗೆ ಸಿಗುವ ಹೊತ್ತಿಗೆ ನೀನಿನ್ನೂ ಸಾಲಿನಲ್ಲೇ ಇದ್ದರೆ ಲಾರಿ ತಿರುಗಿಸು. ಗೇಟಿಗೆ ಹೋಗಬೇಡ. ಆ ಪರ್ಮಿಟನ್ನು ಯಾರಿಗೂ ತೋರಿಸಬೇಡ. ಕಿತ್ತಳೆಯನ್ನು ರೊಮೇನಿಯಾದಲ್ಲೇ ಸಿಕ್ಕಷ್ಟಕ್ಕೆ ಮಾರು, ಇಲ್ಲವಾದರೆ ರಸ್ತೆಗೆ ಸುರಿ. ಅಪ್ಪ ಕೂಗಾಡಿದರೆ ನಾನು ನೋಡಿಕೊಳ್ಳುತ್ತೇನೆ. ಕಾರಣ ಕೇಳಬೇಡ. ಚಿಕ್ಕವನಿದ್ದಾಗ "ಬಾವಿ ಹತ್ರ ಹೋಗ್ಬೇಡ್ವೋ" ಎಂದರೆ ಕಾರಣ ಕೇಳದೆ ಓಡಿಬರುತ್ತಿದ್ದೆಯಲ್ಲ, ಹಾಗೆ ಬಾ.

ಬೇಗ ಬಾರೋ, ನಿನ್ನ ದಮ್ಮಯ್ಯ.

ಅಕ್ಕ ವೆಸಿಲೆ

—

ಜಿಲ್ಲಾ ಜೈಲು, ಹಂಗೇರಿ
11 ಜನವರಿ 1995

ಪ್ರೀತಿಯ ಅಕ್ಕ,

ಇದು ಅಂಚೆಯಲ್ಲಿ ಬರುತ್ತದೆ. ಇಲ್ಲಿಂದ ಹೋಗುವ ಬರುವ ಪ್ರತಿ ಕಾಗದವನ್ನೂ ನಮ್ಮ ತುರ್ಕಿ ಭಾಷೆ ಬಲ್ಲ ಒಬ್ಬ ಹೆಂಗಸು ಓದುತ್ತಾಳೆ. ಇದನ್ನು ಓದುತ್ತಿರುವ ಅಮ್ಮಾ, ನಿಮಗೂ ನನ್ನ ನಮಸ್ಕಾರ. ನನ್ನ ಅಕ್ಷರ ಕಾಗೆಯ ಕಾಲು, ಕ್ಷಮಿಸಿ.

ನೆಜ್ಮಿ ಅಣ್ಣ ಸುದ್ದಿ ತಲುಪಿಸಿರಬಹುದು, ಆದರೂ ನಾನೇ ಹೇಳುತ್ತೇನೆ. ಡಿಸೆಂಬರ್ 15ರ ಬೆಳಿಗ್ಗೆ ಗೇಟಿನಲ್ಲಿ ನನ್ನ ಸರದಿ ಬಂತು. ಅಲ್ಲಿನ ಅಧಿಕಾರಿ ಪರ್ಮಿಟನ್ನು ನೇರಳೆ ಬೆಳಕಿನ ದೀಪದ ಕೆಳಗಿಟ್ಟ. ಆಮೇಲೆ ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನನ್ನು. ನಾನು ಇವರಿಗೇನೋ ಕಾಗದದ ಬಣ್ಣ ಇಷ್ಟವಾಗಿದೆ ಎಂದುಕೊಂಡು ಹಲ್ಲು ಕಿರಿಯುತ್ತ ನಿಂತಿದ್ದೆ. ಕೊನೆಗೆ ಕಿಟಕಿಯ ಹತ್ತಿರ ಕರೆದು ತೋರಿಸಿದರು. ಬರಿಗಣ್ಣಿಗೆ ಹಾಲಿನಂತೆ ಬೆಳ್ಳಗಿರುವ ಜಾಗದಲ್ಲಿ, ಆ ದೀಪದ ಕೆಳಗೆ, ಹಳೆಯ ಮುದ್ರೆ ಸ್ಪಷ್ಟವಾಗಿ ಕಾಣುತ್ತಿತ್ತು. ಮಾರ್ಚ್ ತಿಂಗಳದು. ಯಾರೋ ಅದನ್ನು ಬಳಸಿ, ಮುದ್ರೆ ತೊಳೆದು, ಹೊಸದರ ಹಾಗೆ ಮಾಡಿದ್ದಾರೆ. ನನಗೆ ನಗು ಬಂದುಬಿಟ್ಟಿತು, ಅಕ್ಕ. ಸುಳ್ಳಲ್ಲ. ಅಷ್ಟು ಚೆನ್ನಾಗಿ ತೊಳೆದಿದ್ದರು. ನಾನು ನಕ್ಕಿದ್ದನ್ನೂ ಅವರು ಬರೆದುಕೊಂಡಿದ್ದಾರೆ.

ಲಾರಿಯನ್ನು ಮುಟ್ಟುಗೋಲು ಹಾಕಿಕೊಂಡರು. ಕಿತ್ತಳೆಯನ್ನು ಏನು ಮಾಡಿದರೋ ಗೊತ್ತಿಲ್ಲ.

ಜನವರಿ 3ರಂದು ನೆಜ್ಮಿ ಅಣ್ಣ ನೋಡಲು ಬಂದಿದ್ದ. ನೀನು ಬರೆದದ್ದು ಆಗ ತಲುಪಿತು. ಅದನ್ನು ಓದಿ ನನಗೆ ಅರ್ಥವಾದದ್ದು ಇಷ್ಟು: ಅಪ್ಪ ಯಾವನೋ ಕಳ್ಳನ ಹತ್ತಿರ ಆ ಪರ್ಮಿಟ್ ಕೊಂಡು ಮೋಸ ಹೋಗಿದ್ದಾನೆ, ನಾನು ಹೊರಟ ಮೇಲೆ ನಿನಗೆ ಅದು ತಿಳಿದಿದೆ. ಆಗಲಿ. ಈಗ ಮುಖ್ಯವಾದ ಮಾತು ಕೇಳು. ನನಗೆ ಸರ್ಕಾರದಿಂದ ಒಬ್ಬ ವಕೀಲರನ್ನು ಕೊಟ್ಟಿದ್ದಾರೆ. ವಿಚಾರಣೆ ಮಾರ್ಚ್ 16ಕ್ಕೆ. ಲಾರಿಯ ಮಾಲೀಕ, ಅಂದರೆ ಅಪ್ಪ, ಒಂದು ಹಾಳೆ ಬರೆದುಕೊಟ್ಟರೆ ಸಾಕಂತೆ: "ಈ ಪರ್ಮಿಟನ್ನು ಕೊಟ್ಟವನು ನಾನು, ಡ್ರೈವರಿಗೆ ಇದರ ವಿಷಯ ಏನೂ ತಿಳಿದಿರಲಿಲ್ಲ." ಸಹಿ, ನೋಟರಿಯ ಮುದ್ರೆ, ಮೂಲ ಪ್ರತಿ. ಅದಿದ್ದರೆ ನನ್ನನ್ನು ದಂಡ ಹಾಕಿ ಗಡಿಯಾಚೆ ಬಿಡುತ್ತಾರೆ. ಇಲ್ಲದಿದ್ದರೆ ತೊಳೆದವನು ನಾನೇ ಎಂದಾಗುತ್ತದೆ. ಅದಕ್ಕೆ ಮೂರು ವರ್ಷದವರೆಗೂ ಶಿಕ್ಷೆ ಇದೆ.

ಒಂದೇ ಒಂದು ಹಾಳೆ, ಅಕ್ಕ. ಅಪ್ಪನಿಗೆ ನೀನು ಹೇಳಿದರೆ ಕೇಳುತ್ತಾನೆ.

ದಾರಿ ಕಾಯುತ್ತಿರುವ
ತಹ್ಸಿನ್

—

ಕಿರಿಖಾನ್
2 ಫೆಬ್ರವರಿ 1995

ತಹ್ಸಿನ್, ನನ್ನ ಕಂದಾ,

ನಿನ್ನ ಕಾಗದ ಮೊನ್ನೆ ತಲುಪಿತು, ಇಪ್ಪತ್ತು ದಿನ ಹಿಡಿಯಿತು. ಓದುವ ಆ ತಾಯಿಗೆ ನನ್ನದೂ ಸಲಾಮು. ನನ್ನ ತಮ್ಮ ಒಳ್ಳೆಯವನಮ್ಮ, ಅವನನ್ನು ಬೇಗ ಕಳಿಸಿಕೊಡಿ.

ಅಪ್ಪ ಒಪ್ಪಲಿಲ್ಲ. ಸುತ್ತಿಬಳಸಿ ಹೇಳಿ ನಿನಗೆ ಆಸೆ ಹುಟ್ಟಿಸುವುದು ಬೇಡ, ಮೊದಲೇ ಹೇಳಿಬಿಟ್ಟೆ.

ಊಟ ಮುಗಿಸಿ ಒಲೆಯ ಪಕ್ಕ ಕೂತಾಗ ನಿನ್ನ ಕಾಗದ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದ. "ಅಪ್ಪಾ, ಒಂದೇ ಹಾಳೆ" ಎಂದೆ.

"ಆ ಒಂದು ಹಾಳೆ ಬರ್ಕೊಟ್ರೆ ನನ್ನ ಸಾಗಣೆ ಲೈಸೆನ್ಸು ಕಿತ್ಕೋತಾರೆ. ಇರೋ ಇನ್ನೊಂದು ಲಾರೀನೂ ನಿಲ್ಲುತ್ತೆ. ಆಮೇಲೆ ಏನ್ ತಿಂತೀರಾ ಎಲ್ರೂ, ನೋಟರಿ ಮುದ್ರೇನಾ?"

"ಅವ್ನು ನಿನ್ ಮಗ ಅಲ್ವಾ?"

"ಮಗ ಅಂತಾನೇ ಕಣೇ ಹೇಳ್ತಿರೋದು. ಗಂಡಸು, ತಡ್ಕೋತಾನೆ. ನಾನೂ ತಡ್ಕೊಂಡಿಲ್ವಾ, ಇರಾಕಿನ ಜೈಲಲ್ಲಿ ನಲವತ್ತು ದಿನ?"

"ನಲವತ್ತು ದಿನಕ್ಕೂ ಮೂರು ವರ್ಷಕ್ಕೂ ವ್ಯತ್ಯಾಸ ಗೊತ್ತಿಲ್ವಾ ನಿಂಗೆ?"

ಆಗ ಅವನು ಇನ್ನೊಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಿದ ಮೇಲೆ ಎದ್ದು ಪಾತ್ರೆ ತೊಳೆಯಲು ಹೋದೆ.

ಅಮ್ಮನಿಗೆ ನೀನು ಸಾಲಿನಲ್ಲಿದ್ದೀಯ ಎಂದೇ ಹೇಳಿದ್ದೇವೆ. ಆದರೆ ಅವಳು ಡ್ರೈವರನ ಹೆಂಡತಿಯಾಗಿ ಮೂವತ್ತೈದು ವರ್ಷ ಕಳೆದವಳು, ಅವಳ ಕಿವಿಗೆ ಹೂವಿಡುವುದು ಸುಲಭವೇ? "ಅದ್ಯಾವ ಸಾಲೇ ಅದು, ಅರವತ್ತು ದಿನದ್ದು? ನಿಮ್ಮಪ್ಪ ನಿಂತಿದ್ದ ಅತಿ ಉದ್ದದ ಸಾಲು ಅಂದ್ರೆ ಹತ್ತೊಂಬತ್ತು ದಿನ" ಎನ್ನುತ್ತಾಳೆ. ಹಾಜೆರ್ ನನ್ನ ಮುಖ ನೋಡುತ್ತಾಳೆ. ನಾನು ಹಿಟ್ಟು ನಾದುತ್ತೇನೆ.

ನಿನ್ನೆ ರೊಟ್ಟಿ ಒಲೆಯ ಹತ್ತಿರ ಪಕ್ಕದ ಮನೆಯವಳು, "ಪಾಪ, ಆ ಹುಡುಗನ್ ಕೈಗೆ ಅಂಥಾ ಪರ್ಮಿಟ್ ಕೊಟ್ಟೋರ ಕೈ ಸೇದಿಹೋಗ್ಲಿ" ಎಂದಳು. ಯಾರಿಗೆ ಎಂದು ಹೇಳಲೂ ಇಲ್ಲ, ನನಗೆ ರೊಟ್ಟಿಯ ಬುಟ್ಟಿ ಕೈಜಾರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಅಪ್ಪನನ್ನು ಇನ್ನೊಂದು ಸಲ ಕೇಳುತ್ತೇನೆ. ದಿನಾ ಕೇಳುತ್ತೇನೆ. ನೀನು ಹೊಟ್ಟೆತುಂಬ ಉಣ್ಣು, ಅಲ್ಲಿ ಏನು ಕೊಟ್ಟರೂ ಉಣ್ಣು.

ನಿನ್ನ ಅಕ್ಕ

—

ಜಿಲ್ಲಾ ಜೈಲು
24 ಫೆಬ್ರವರಿ 1995

ಅಕ್ಕ,

ಇದನ್ನು ನೆಜ್ಮಿ ಅಣ್ಣ ರೊಟ್ಟಿಯ ಗಂಟಿನಲ್ಲಿಟ್ಟು ಹೊರಗೆ ಒಯ್ಯುತ್ತಾನೆ. ಓದುವ ಹೆಂಗಸು ಓದುವುದಿಲ್ಲ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನನ್ನ ಕೈಯಲ್ಲಿ ಆಗುತ್ತಿಲ್ಲ. ಗಂಡಸು ತಡೆದುಕೊಳ್ಳುತ್ತಾನೆ ಎಂದು ಅಪ್ಪ ಹೇಳಿದನಲ್ಲ, ಈ ಗಂಡಸು ತಡೆದುಕೊಳ್ಳುತ್ತಿಲ್ಲ ಎಂದು ಹೇಳು. ಕೋಣೆಯಲ್ಲಿ ಆರು ಜನ. ನನ್ನ ಭಾಷೆ ಒಬ್ಬನಿಗೂ ಬರುವುದಿಲ್ಲ, ಬಲ್ಗೇರಿಯಾದ ಒಬ್ಬ ಡ್ರೈವರನಿಗೆ ಮಾತ್ರ ನಾಲ್ಕು ಮಾತು ಬರುತ್ತದೆ, ಅದರಲ್ಲಿ ಮೂರು ಬೈಗುಳ. ಸ್ಟಿಯರಿಂಗ್ ಹಿಡಿಯದೆ ನನ್ನ ಅಂಗೈ ಮೆತ್ತಗಾಗಿದೆ. ಮೊನ್ನೆ ಅದನ್ನು ನೋಡಿ ಅತ್ತುಬಿಟ್ಟೆ, ನಗಬೇಡ. ನನ್ನ ಮಗಳು ಈಗ ಏನೇನು ಮಾತಾಡುತ್ತಾಳೋ ನನಗೆ ತಿಳಿಯದು. ಹಾಜೆರಳ ಕಾಗದದಲ್ಲಿ ಅದಿರುವುದಿಲ್ಲ, ಬರೀ ಕಣ್ಣೀರಿನ ಕಲೆ.

ವಕೀಲರು ಮೊನ್ನೆ ಬಂದಿದ್ದರು, ಜೊತೆಗೆ ಆ ತುರ್ಕಿ ಬಲ್ಲ ಹೆಂಗಸು. ಇಬ್ಬರೂ ಒಳ್ಳೆಯವರೇ. "ಈ ಕೆಲಸ ಹೊರಗಿನ ಕಳ್ಳರದ್ದಲ್ಲ ಅನ್ನಿಸುತ್ತೆ. ತುಂಬಾ ತಾಳ್ಮೆಯಿಂದ, ಸೂಕ್ಷ್ಮವಾಗಿ ಮಾಡಿದ್ದಾರೆ. ನಿಮ್ಮ ಮನೇಲಿ ಪರ್ಮಿಟ್‌ಗಳನ್ನ ಯಾರು ಇಟ್ಕೋತಾರೆ?" ಎಂದು ಕೇಳಿದರು.

"ನಮ್ಮಕ್ಕ" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಆ ಯೋಚನೆ ಇಲ್ಲಿಗೇ ಬಿಟ್ಬಿಡಿ. ಅವಳು ನನಗೆ ಅಕ್ಷರ ಕಲಿಸಿದೋಳು. ಬಜಾರಲ್ಲಿ ಅಂಗಡಿಯವನು ತಪ್ಪಿ ಒಂದು ನಿಂಬೆಹಣ್ಣು ಜಾಸ್ತಿ ಹಾಕಿದ್ರೆ ತಿರುಗಿ ಹೋಗಿ ಕೊಟ್ಬರೋಳು. ಅವಳ ಮೇಲೆ ಆಣೆ ಇಟ್ಟು ಹೇಳ್ತೀನಿ" ಎಂದೆ. ವಿಚಾರಣೆಯ ದಿನ ಕೇಳಿದರೂ ಇದನ್ನೇ ಹೇಳುತ್ತೇನೆ. ಆಣೆ ಇಡಲು ನನಗೆ ಇಲ್ಲಿ ಬೇರೆ ಏನಿದೆ?

ಅಪ್ಪನ ಹಾಳೆ ಬಂದರೆ ಇದೆಲ್ಲ ಬೇಕಾಗುವುದಿಲ್ಲ. ಇನ್ನು ಇಪ್ಪತ್ತು ದಿನ. ನೆಜ್ಮಿ ಅಣ್ಣ ಹೋಗಿ ಬರಲು ಸರಿಯಾಗಿ ಆಗುತ್ತದೆ.

ತಹ್ಸಿನ್

—

ಕಿರಿಖಾನ್
6 ಮಾರ್ಚ್ 1995

ತಹ್ಸಿನ್,

ಕೂತು ಓದು. ಪಕ್ಕದಲ್ಲಿ ಯಾರೂ ಇಲ್ಲದಾಗ ಓದು.

ಆ ಪರ್ಮಿಟನ್ನು ತೊಳೆದವಳು ನಾನು.

ಬರೆದುಬಿಟ್ಟೆ. ಮೂರು ತಿಂಗಳಿಂದ ಬಿಸಿತುಪ್ಪದ ಹಾಗೆ ಬಾಯಲ್ಲಿತ್ತು, ನುಂಗಲೂ ಆಗದೆ ಉಗುಳಲೂ ಆಗದೆ. ನೀನು ನನ್ನ ಮೇಲೆ ಆಣೆ ಇಟ್ಟೆ ಎಂದು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಶುರುವಾದದ್ದು ಮೂರು ವರ್ಷದ ಹಿಂದೆ. ಅಪ್ಪನ ಕಣ್ಣು ಮಂಜಾದ ವರ್ಷ. ಒಂದು ಭಾನುವಾರ ಮಧ್ಯಾಹ್ನ, ಅಮ್ಮ ಪಕ್ಕದಲ್ಲೇ ಅಕ್ರೋಟು ಒಡೆಯುತ್ತಿದ್ದಳು, ಅಪ್ಪ ಬಳಸಿದ ಪರ್ಮಿಟ್ ಒಂದನ್ನು ತಂದು ನನ್ನ ಮುಂದಿಟ್ಟ. "ವೆಸಿಲೆ, ನಿನ್ ಕೈ ಹಗುರ. ಇದರ ಮೇಲಿನ ಕಲೆ ತೆಗೀತೀಯಾ?" ಕಲೆ ಎಂದ, ಮುದ್ರೆ ಎನ್ನಲಿಲ್ಲ. ಬಟ್ಟೆ ಬಿಳುಪು ಮಾಡುವ ನೀರು, ಬೆಂಕಿಕಡ್ಡಿಗೆ ಸುತ್ತಿದ ಹತ್ತಿ. ಇಡೀ ಮಧ್ಯಾಹ್ನ ಹಿಡಿಯಿತು. ಮುಗಿದಾಗ ಅಪ್ಪ ಅದನ್ನು ಕಿಟಕಿಗೆ ಹಿಡಿದು ನೋಡಿ, "ಭೇಷ್, ಗಂಡು ಮಕ್ಕಳು ಮಾಡೋ ಕೆಲಸ ಅಲ್ಲ ಇದು" ಎಂದ. ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಮೂವತ್ತು ದಾಟಿದ ಹೆಣ್ಣು, ಮದುವೆ ಇಲ್ಲ ಮಕ್ಕಳಿಲ್ಲ, ಮನೆಗೆ ಹೊರೆ ಎಂದುಕೊಂಡು ಓಡಾಡುತ್ತಿದ್ದವಳು. ಅವತ್ತು ಮೊದಲ ಸಲ ಈ ಮನೆ ನನ್ನಿಂದ ನಡೆಯುತ್ತಿದೆ ಅನ್ನಿಸಿತು. ಪಾಪವೆಂದು ಅನ್ನಿಸಲೇ ಇಲ್ಲ. ಈ ಬೀದಿಯಲ್ಲಿ ಇದನ್ನು ಮಾಡುವವಳು ನಾನೊಬ್ಬಳೇ ಅಲ್ಲ. ನನಗೆ ಶಾಪ ಹಾಕಿದ ಆ ಪಕ್ಕದ ಮನೆಯವಳ ಸೊಸೆಯ ಬೆರಳು ಬಿಳುಪಿನ ನೀರಿಗೆ ಸುಲಿದಿರುವುದು ನೋಡು, ನಿನಗೇ ತಿಳಿಯುತ್ತದೆ.

ಏಳು ಪರ್ಮಿಟ್ ತೊಳೆದಿದ್ದೇನೆ. ಆರು ದಾಟಿದವು. ಅದರಲ್ಲಿ ಎರಡನ್ನು ನೀನೇ ಒಯ್ದಿದ್ದೆ, ನಿನಗೆ ಗೊತ್ತಿರಲಿಲ್ಲ.

ನವೆಂಬರ್ ಕೊನೆಯಲ್ಲಿ ಕಿತ್ತಳೆಯನ್ನು ಲಾರಿಗೆ ಹೇರಿ ಆಗಿತ್ತು, ಸಂಘದಲ್ಲಿ ಪರ್ಮಿಟ್ ಇರಲಿಲ್ಲ. ಅಪ್ಪ ಬಂದು "ಇದೊಂದು ಸಲ" ಎಂದ. ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದ. ನೀನು ಹೊರಟ ಮೇಲೆ ಸಂಘದ ಕಚೇರಿಗೆ ಹೋಗಿದ್ದೆ. ಹಂಗೇರಿಯವರು ಹೊಸ ದೀಪ ತಂದಿದ್ದಾರೆ, ತೊಳೆದದ್ದೆಲ್ಲ ಕಾಣುತ್ತದೆ ಎಂದು ಅಲ್ಲಿ ಯಾರೋ ಮಾತಾಡುತ್ತಿದ್ದರು. ಅವತ್ತೇ ನಿನಗೆ ತಿರುಗಿ ಬಾ ಎಂದು ಬರೆದದ್ದು. ಆಗಲೂ ನಿಜ ಬರೆಯಲಿಲ್ಲ. ನಿನ್ನ ಕಣ್ಣಲ್ಲಿ ಸಣ್ಣವಳಾಗಲು ನನಗೆ ಧೈರ್ಯ ಬರಲಿಲ್ಲ, ತಹ್ಸಿನ್, ಅಷ್ಟೇ ಕಾರಣ. ಬೇರೆ ಏನೂ ಇಲ್ಲ.

ಅಪ್ಪ ಹೇಳಿದ ಇನ್ನೊಂದು ಮಾತು ಬರೆಯಲಿಲ್ಲ ಎಂದಿದ್ದೆನಲ್ಲ, ಅದು ಇದು: "ನಾನು ಕೊಟ್ಟೆ ಅಂತ ಬರೆದ್ರೆ, ತೊಳೆದೋರು ಯಾರು ಅಂತ ಕೇಳ್ತಾರೆ. ಆಗ ನಿನ್ ಹೆಸ್ರು ಹೇಳ್ಲಾ? ಒಬ್ಬ ಒಳಗಿದಾನೆ, ನೀನೂ ಹೋಗ್ತೀಯಾ?" ಅವನು ಲಾರಿಗಾಗಿ ಹಾಗೆಂದನೋ ನನಗಾಗಿಯೋ, ನನಗೆ ಇವತ್ತಿಗೂ ತಿಳಿಯದು. ಆದರೆ ನಾನು ಸುಮ್ಮನಾದದ್ದು ನನಗಾಗಿ. ಅದು ನನಗೆ ಚೆನ್ನಾಗಿ ಗೊತ್ತು.

ಇವತ್ತು ಬೆಳಿಗ್ಗೆ ಅಪ್ಪನಿಗೆ ಹೇಳದೆ ಇಸ್ಕೆಂದೆರುನ್ ಪಟ್ಟಣಕ್ಕೆ ಬಸ್ಸು ಹತ್ತಿದೆ. ನಮ್ಮೂರ ನೋಟರಿ ಅಪ್ಪನ ಸ್ನೇಹಿತ, ಅದಕ್ಕೇ ಅಷ್ಟು ದೂರ ಹೋದದ್ದು. ಅಲ್ಲಿ ನನ್ನ ಹೆಸರಿನಲ್ಲೇ ಹಾಳೆ ಬರೆಸಿದೆ: ತೊಳೆದವಳು ನಾನು, ನನ್ನ ತಮ್ಮನಿಗೆ ಏನೂ ಗೊತ್ತಿರಲಿಲ್ಲ. ನೋಟರಿ ಕನ್ನಡಕ ಮೇಲೆ ಸರಿಸಿ, "ಓದ್ಕೊಂಡೇ ಸಹಿ ಹಾಕ್ತಿದೀಯೇನಮ್ಮ?" ಎಂದ. "ಓದೋದೇನು, ಬಾಯಿಪಾಠ ಆಗಿದೆ" ಎಂದೆ. ಆ ಹಾಳೆ ಇದರ ಜೊತೆಗೇ ಇದೆ.

ನೇರವಾಗಿ ವಕೀಲರಿಗೆ ಕಳಿಸಬಹುದಿತ್ತು. ಆದರೆ ಇದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು. ಮೊದಲು ನೀನು ಓದಬೇಕು, ಆಮೇಲೆ ನೀನೇ ಅವರಿಗೆ ಕೊಡಬೇಕು. ಅದಕ್ಕೇ ನೆಜ್ಮಿ ಅಣ್ಣನ ಕೈಯನ್ನು ರೊಟ್ಟಿಯ ಮೇಲಿಡಿಸಿ ಆಣೆ ಮಾಡಿಸಿಕೊಂಡಿದ್ದೇನೆ, ನಿನ್ನ ಕೈಗಲ್ಲದೆ ಇನ್ಯಾರ ಕೈಗೂ ಕೊಡಬಾರದೆಂದು. ಒಳಗೇನಿದೆ ಎಂದು ಅವನಿಗೆ ಹೇಳಿಲ್ಲ. ಆರು ದಿನದಲ್ಲಿ ತಲುಪುತ್ತೇನೆ ಎಂದಿದ್ದಾನೆ. 16ಕ್ಕೆ ಇನ್ನೂ ಹತ್ತು ದಿನವಿದೆ.

ಅವರು ನನ್ನನ್ನು ಹಿಡಿದರೆ ಹಿಡಿಯಲಿ. ನೀನು ಮನೆಗೆ ಬಾ.

ವೆಸಿಲೆ

—

ಹಂಗೇರಿ ಗೇಟಿನ ಸಾಲು
19 ಮಾರ್ಚ್ 1995

ತಂಗಿ ವೆಸಿಲೆಗೆ ನೆಜ್ಮಿ ಮಾಡುವ ಸಲಾಮು.

ನನಗೆ ಬರೆದು ಅಭ್ಯಾಸವಿಲ್ಲ. ಬೇರೆಯವರ ಕಾಗದ ಹೊತ್ತೇ ವಯಸ್ಸಾಯಿತು, ನನ್ನದೆಂದು ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನುಂಗಿಕೊ.

11ನೇ ತಾರೀಕು ಸಾಲಿಗೆ ಬಂದೆ. ಇನ್ನೂ ಸಾಲಿನಲ್ಲೇ ಇದ್ದೇನೆ. ಹಳೇ ವರ್ಷದ ಪರ್ಮಿಟ್ ಜನವರಿ ಕೊನೆಗೆ ಸತ್ತವು, ಅದು ನಿನಗೆ ಗೊತ್ತಿದ್ದದ್ದೇ. ಹೊಸವು ಬಂದೇ ಇಲ್ಲ. ಎಷ್ಟು ಕೊಡಬೇಕು ಎಂದು ಎರಡು ಸರ್ಕಾರಗಳಿಗೆ ಒಪ್ಪಿಗೆಯಾಗಿಲ್ಲವಂತೆ, ಸಭೆ ಮುಂದಕ್ಕೆ ಹೋಯಿತಂತೆ. ಕಳೆದ ತಿಂಗಳು ನಮ್ಮನ್ನು ಕೈಬರಹದ ಚೀಟಿಯ ಮೇಲೆ ಬಿಡುತ್ತಿದ್ದರು, ಈ ಸಲವೂ ಹಾಗೇ ಎಂದುಕೊಂಡು ಹೊರಟೆ. ಈಗ ಅದನ್ನೂ ನಿಲ್ಲಿಸಿದ್ದಾರೆ. ನಮ್ಮೂರ ಕಡೆಯ ನೂರಾನಲವತ್ತು ಲಾರಿ ನಿಂತಿವೆ. ಒಂದಕ್ಕೂ ದಾರಿಯಿಲ್ಲ.

ಲಾರಿ ಇಲ್ಲೇ ಬಿಟ್ಟು ನಡೆದು ಹೋಗುತ್ತೇನೆ ಎಂದೆ. ಲಾರಿ ಇಲ್ಲದ ಡ್ರೈವರನಿಗೆ ಒಳಗೆ ಏನು ಕೆಲಸ ಎಂದು ತಳ್ಳಿದರು. ಎರಡು ಸಲ ಹೋದೆ, ಎರಡು ಸಲ ತಳ್ಳಿದರು.

ಈರುಳ್ಳಿ ಲಾರಿಯ ಯೋನೆಲ್ ಅಂತ ಒಬ್ಬ ರೊಮೇನಿಯಾದವನಿದ್ದಾನೆ. ಹನ್ನೆರಡು ವರ್ಷದ ಪರಿಚಯ. ಅವನಿಗೆ ಪರ್ಮಿಟ್ ತೊಂದರೆ ಇಲ್ಲ. 13ನೇ ತಾರೀಕೇ ನನ್ನ ಹತ್ತಿರ ಬಂದು, "ನೆಜ್ಮಿ, ಜೈಲಿಗೆ ಏನಾದ್ರೂ ಕೊಡೋದಿದ್ರೆ ಕೊಡು, ನಾನು ಒಯ್ತೀನಿ" ಅಂದ. ನಾನು ಅಂಗಿಯ ಮೇಲೆ ಕೈಯಿಟ್ಟುಕೊಂಡು "ಆಗಲ್ಲಪ್ಪ, ರೊಟ್ಟಿ ಮೇಲೆ ಆಣೆ ಆಗಿದೆ" ಅಂದೆ. "ಕಾಗದ ತಾನೇ, ಚಿನ್ನ ಏನಲ್ವಲ್ಲ" ಅಂದ. ನಾನು ಸಿಟ್ಟು ಮಾಡಿ ಕಳಿಸಿದೆ. ಇಪ್ಪತ್ತಾರು ವರ್ಷದಿಂದ ಒಂದು ಕಾಗದವನ್ನೂ ಮೂರನೆಯ ಕೈಗೆ ಕೊಟ್ಟವನಲ್ಲ ನಾನು. ಅಷ್ಟು ಸೊಕ್ಕು ನನಗೆ.

16 ಕಳೆಯಿತು. 17ನೇ ತಾರೀಕು ಅಂಗಿ ಬದಲಿಸುವಾಗ ನಿನ್ನ ಲಕೋಟೆ ಕೈಗೆ ಬಂತು. ಹೆಬ್ಬೆರಳಿಗೆ ಒಳಗಿನ ಮುದ್ರೆಯ ಉಬ್ಬು ತಾಗಿತು. ನೋಟರಿ ಮುದ್ರೆ ಡ್ರೈವರನ ಬೆರಳಿಗೆ ತಿಳಿಯದೇ ಇರುತ್ತದೆಯೇ? ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಮನೆಸುದ್ದಿ ಅಂದುಕೊಂಡಿದ್ದೆನಲ್ಲಮ್ಮ ನಾನು. ಅಮ್ಮನ ಮೊಣಕಾಲು, ಮಗಳ ಹಲ್ಲು, ಅಂಥದ್ದು ಅಂದುಕೊಂಡಿದ್ದೆ. ಒಂದು ಮಾತು ಹೇಳಿದ್ದರೆ ನಾನು ಅದನ್ನು ನಾಯಿಯ ಬಾಯಿಗಾದರೂ ಕೊಟ್ಟು ಕಳಿಸುತ್ತಿದ್ದೆ.

ಯೋನೆಲ್ ಅಷ್ಟರಲ್ಲಿ ಒಂದು ಸರಕು ಇಳಿಸಿ ಎರಡನೆಯದಕ್ಕೆ ಬಂದಿದ್ದ. ನಿನ್ನೆ ಅವನ ಕಾಲು ಹಿಡಿದು ಕೊಟ್ಟೆ, ರೊಟ್ಟಿಯೊಳಗೆ ಇಟ್ಟು. ನಾಳೆ ತಲುಪಿಸುತ್ತಾನೆ. ಏನು ಉಪಯೋಗವೋ ದೇವರಿಗೇ ಗೊತ್ತು.

ನನ್ನನ್ನು ಬೈಯಿ. ಆದರೆ ಆಣೆ ಮಾಡಿಸಿದವಳು ನೀನು.

ನೆಜ್ಮಿ

—

ಜೈಲು
29 ಮಾರ್ಚ್ 1995

ವೆಸಿಲೆಗೆ,

ನಾಳೆ ಬಿಡುಗಡೆಯಾಗುವ ಬಲ್ಗೇರಿಯಾದವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನು ನೆಜ್ಮಿ ಅಣ್ಣನಿಗೆ, ಅಣ್ಣ ನಿನಗೆ. ಎಷ್ಟು ಕೈ ದಾಟಿದರೂ ಇನ್ನು ನನಗೆ ಚಿಂತೆಯಿಲ್ಲ.

16ರಂದು ನ್ಯಾಯಾಧೀಶರು ಕೇಳಿದ್ದು ಮೂರೇ ಪ್ರಶ್ನೆ. ಪರ್ಮಿಟ್ ನಿನ್ನದೇ? ಹೌದು ಎಂದೆ. ಮಾಲೀಕನ ಹೇಳಿಕೆ ಇದೆಯೇ? ಇಲ್ಲ ಎಂದೆ. ಮನೆಯಲ್ಲಿ ಇವುಗಳನ್ನು ಯಾರು ಇಟ್ಟುಕೊಳ್ಳುತ್ತಾರೆ? ನನ್ನ ಅಕ್ಕ ಎಂದೆ, ಎದ್ದು ನಿಂತು, ನನ್ನ ಅಕ್ಕನ ಮೇಲೆ ಆಣೆ, ಅವಳ ಕೈಯಿಂದ ಇಂಥದ್ದು ಆಗುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಆ ತುರ್ಕಿ ಬಲ್ಲ ಹೆಂಗಸು ಅದನ್ನು ಅವರ ಭಾಷೆಗೆ ತಿರುಗಿಸಿದಳು. ನ್ಯಾಯಾಧೀಶರು ತಲೆಯಾಡಿಸಿ, ಅಕ್ಕನೂ ಅಲ್ಲ ಅಪ್ಪನೂ ಅಲ್ಲ ಎಂದಮೇಲೆ ಉಳಿದವನು ನೀನೊಬ್ಬನೇ ಎಂದರು. ಎರಡು ವರ್ಷ ನಾಲ್ಕು ತಿಂಗಳು.

20ನೇ ತಾರೀಕು ನಿನ್ನ ಕಾಗದ ಬಂತು. ತೊಳೆದವಳು ನಾನು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಮೇಲ್ಮನವಿಗೆ ಎಂಟು ದಿನದ ಅವಕಾಶವಿತ್ತು. 22ರಂದು ವಕೀಲರು ಬಂದು, "ಹೊಸದು ಏನಾದ್ರೂ ಸಿಕ್ತಾ?" ಎಂದು ಕೇಳಿದರು. ಹಾಳೆ ನನ್ನ ಅಂಗಿಯೊಳಗೇ ಇತ್ತು. ಕೈ ಹಾಕಿದ್ದರೆ ಸಿಗುತ್ತಿತ್ತು. ಇಲ್ಲ ಎಂದೆ.

ನಿನ್ನ ಮೇಲಿನ ಪ್ರೀತಿಗೆ ಹಾಗೆ ಮಾಡಿದೆ ಎಂದು ತಿಳಿಯಬೇಡ. ತಿಳಿದು ಅಳಬೇಡ. ಆ ಹಾಳೆ ಕೊಡಬೇಕಿದ್ದರೆ ಅದೇ ಜನರ ಮುಂದೆ ಮತ್ತೆ ಎದ್ದು ನಿಂತು, ನಾನು ಆಣೆ ಇಟ್ಟ ಅಕ್ಕ ಅಂಥವಳಲ್ಲ ಎಂದು ನನ್ನ ಬಾಯಿಂದಲೇ ಹೇಳಬೇಕಿತ್ತು. ಅದು ನನ್ನಿಂದ ಆಗಲಿಲ್ಲ. ಜೈಲಿನಲ್ಲಿ ಇರುವುದು ಅದಕ್ಕಿಂತ ಸುಲಭ ಅನ್ನಿಸಿತು. ಈಗ ಅವಧಿ ಮುಗಿದಿದೆ. ಹಾಳೆಯನ್ನು ಹರಿದು ಹಾಕಿದ್ದೇನೆ, ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ಯಾರೂ ನಿನ್ನನ್ನು ಹುಡುಕಿಕೊಂಡು ಬರುವುದಿಲ್ಲ. ಅಪ್ಪನ ಲಾರಿಯೂ ಓಡುತ್ತದೆ.

ಹಾಜೆರಳಿಗೆ ನಾನು ಬೇರೆ ಬರೆಯುತ್ತೇನೆ. ಅವಳು ತವರಿಗೆ ಹೋಗುವುದಾದರೆ ಹೋಗಲಿ, ತಡೆಯಬೇಡಿ. ಅಮ್ಮನಿಗೆ ನಿಜ ಹೇಳುವ ಕೆಲಸ ನಿನ್ನದು.

ನನಗೆ ಮಾತ್ರ ಬರೆಯಬೇಡ. ಬರೆದರೆ ಆ ಹೆಂಗಸು ಓದುತ್ತಾಳೆ, ನಾನು ಓದುವುದಿಲ್ಲ.

ತಹ್ಸಿನ್